ದೊಡ್ಡಪ್ಪನ ‘ತ್ಚ್’

ಲೂಪರ್ ಪೆಡಲ್ ಕಂಡುಹಿಡಿದವರಿಗೆ ಮೂರು ಕಾಲು ಇದ್ದಿರಬೇಕು. ನಿಲ್ಲೋಕೆ ಒಂದು, ತಾಳ ಹಾಕೋಕೆ ಒಂದು, ಪೆಡಲ್ ಒತ್ತೋಕೆ ಇನ್ನೊಂದು. ನಮಗೆ ದೇವರು ಕೊಟ್ಟಿರುವುದು ಎರಡೇ. ನಿನ್ನೆ ಸಂಜೆಯಿಂದ ಅವೆರಡೂ ನನ್ನ ಮಾತು ಕೇಳುತ್ತಿಲ್ಲ.

ಗಿಟಾರ್ ಹಿಡಿದವರಿಗೆ ಈ ಪಾಡು ಗೊತ್ತೇ ಇರುತ್ತದೆ. ಲೂಪರ್ ಅಂದರೆ ಗಿಟಾರಿಗೆ ಜೋಡಿಸಿ ಕಾಲಲ್ಲಿ ಒತ್ತುವ ಪುಟ್ಟ ರೆಕಾರ್ಡಿಂಗ್ ಯಂತ್ರ. ಒಮ್ಮೆ ಒತ್ತಿದರೆ ರೆಕಾರ್ಡಿಂಗ್ ಶುರು. ಇನ್ನೊಮ್ಮೆ ಒತ್ತಿದರೆ ನುಡಿಸಿದ್ದೇ ತಿರುಗಿ ತಿರುಗಿ ಬರುತ್ತದೆ, ಅದೇ ಲೂಪ್. ಅದರ ಮೇಲೆ ಸೋಲೋ ನುಡಿಸಿಕೊಂಡು ಆರಾಮಾಗಿರಬಹುದು. ಆರಾಮು ಕೆಡುವುದು ಆ ಎರಡನೇ ಒತ್ತಿನಲ್ಲೇ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ ನಾಲ್ಕಕ್ಕೇ ಒತ್ತಿದಿರೋ, ಒಂದಿಡೀ ಬೀಟ್ ಮಾಯ. ನಾಲ್ಕು ಮುಗಿದು ಮುಂದಿನ ‘ಒಂದು’ ಬೀಳುವ ಜಾಗಕ್ಕೇ ಕಾಲು ಬೀಳಬೇಕು. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಬೀಟ್ ಅಂದರೆ ಅರ್ಧ ಸೆಕೆಂಡ್. ಇಂಥ ನಾಲ್ಕು ಬೀಟ್ ಸೇರಿದರೆ ಒಂದು ಬಾರ್, ನಾಲ್ಕು ಬಾರ್ 8 ಸೆಕೆಂಡಿಗೆ ಮುಗಿಯಿತು. ಕಾಲು ಕೂದಲೆಳೆಯಷ್ಟು ತಡವಾದರೂ ಸಾಕು, ಪ್ರತಿ 8 ಸೆಕೆಂಡಿಗೊಮ್ಮೆ ಲೂಪ್ ಬಿಕ್ಕಳಿಸುತ್ತದೆ. ಮನುಷ್ಯರಿಗಾದರೆ ನೀರು ಕುಡಿಸಬಹುದು. ಇದಕ್ಕೆ ಏನು ಕುಡಿಸೋದು?

ಮೇಲಾಗಿ ಈ ಪೆಡಲ್‌ಗಳದ್ದು ಒಂದೊಂದಕ್ಕೆ ಒಂದೊಂದು ಸ್ವಭಾವ. ಕೆಲವು ಕಾಲಿಟ್ಟ ಕೂಡಲೇ ಕೆಲಸ ಶುರು ಮಾಡುತ್ತವೆ, ಕೆಲವು ಕಾಲು ಎತ್ತಿದ ಮೇಲೆ. ಬೀಟ್‌ಗೆ ತಾನೇ ಕೂರಿಸಿಕೊಳ್ಳುವ ಕ್ವಾಂಟೈಸ್ ಸೌಲಭ್ಯ ಇರುವ ಪೆಡಲ್‌ಗಳೂ ಇವೆ. ಅವುಗಳ ಬೆಲೆ ನೋಡಿದರೆ ನನಗೇ ಬಿಕ್ಕಳಿಕೆ ಬರುತ್ತದೆ.

ಇಷ್ಟನ್ನಾದರೂ ಸಹಿಸಬಹುದು. ದೊಡ್ಡಪ್ಪನನ್ನು ಸಹಿಸುವುದು ಕಷ್ಟ.

ದೊಡ್ಡಪ್ಪ ಹರೆಯದಲ್ಲಿ ನಾಟಕ ಕಂಪನಿಗಳಲ್ಲಿ, ಕಾಲಲ್ಲಿ ತುಳಿದು ಗಾಳಿ ತುಂಬುವ ಲೆಗ್ ಹಾರ್ಮೋನಿಯಂ ನುಡಿಸಿದವರು. ನಮ್ಮ ದಾವಣಗೆರೆ ಅಂದರೆ ಬರೀ ಬೆಣ್ಣೆ ದೋಸೆ ಅಲ್ಲವಲ್ಲ, ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರೂ ಹೌದು. ನಾನು ಪೆಡಲ್ ಮುಂದೆ ನಿಂತ ತಕ್ಷಣ ಅವರು ಮಂಡಕ್ಕಿ ಮಿರ್ಚಿ ತಟ್ಟೆ ಹಿಡಿದು ಎದುರಿನ ಕುರ್ಚಿಗೆ ಬರುತ್ತಾರೆ. ಬೈಯುವುದಿಲ್ಲ. ಲೂಪ್ ಬಿಕ್ಕಳಿಸಿದಾಗ ‘ತ್ಚ್’ ಅನ್ನುತ್ತಾರೆ. ಅಷ್ಟೇ. 8 ಸೆಕೆಂಡ್ ಬಿಟ್ಟು ಇನ್ನೊಂದು ‘ತ್ಚ್’. ಬಾಯಲ್ಲಿ ಮಿರ್ಚಿ ಇದ್ದರೂ ‘ತ್ಚ್’ ತಪ್ಪುವುದಿಲ್ಲ. ನೀರು ಕುಡಿಯುತ್ತಿದ್ದರೆ ಲೋಟ ಕೆಳಗಿಟ್ಟು ‘ತ್ಚ್’. ಫೋನ್ ಬಂದರೆ, “ಹ್ಞೂಂ, ಆರಾಮಿದೀವಿ... ತ್ಚ್... ನೀವು?” ಆ ಕಡೆಯವರು ಏನು ತಿಳಿದುಕೊಳ್ಳಬೇಕು? ಸಿಟ್ಟು ತರಿಸುವ ಸಂಗತಿ ಏನೆಂದರೆ, ಮನೆಯಲ್ಲಿ ಕರಾರುವಾಕ್ಕಾಗಿ ಟೈಮಿಂಗ್ ಇರುವುದು ಆ ‘ತ್ಚ್’ಗೆ ಮಾತ್ರ.

ನಿನ್ನೆ ಇನ್ನೂ ಮುಂದೆ ಹೋದರು. ಬಿಕ್ಕಳಿಕೆ ಬರುವ ಜಾಗಕ್ಕೆ ಸರಿಯಾಗಿ ಬೆರಳಿನ ಉಂಗುರದಿಂದ ಸ್ಟೀಲ್ ತಟ್ಟೆಯ ಅಂಚಿಗೆ ಟಿಣ್ ಅಂತ ಬಡಿದರು. ಕುಂಟುತ್ತಿದ್ದ ಲೂಪ್ ನೆಟ್ಟಗೆ ನಡೆಯಿತು! ನಾನೂ ಖುಷಿಯಲ್ಲಿ ಒಂದು ಸೋಲೋ ಎಳೆದೆ. ಅಷ್ಟರಲ್ಲಿ ಮಿರ್ಚಿ ಖಾಲಿಯಾಯಿತು. ದೊಡ್ಡಪ್ಪ ತಟ್ಟೆ ತೊಳೆಯಲು ಎದ್ದು ಹೋದರು. ಲೂಪ್ ಮತ್ತೆ ಕುಂಟಿತು. ಬಚ್ಚಲಿನಿಂದ ‘ತ್ಚ್’ ಕೇಳಿಸಿತು.

“ಏನ್ ಮಾಡ್ಲಿ ದೊಡ್ಡಪ್ಪ, ನೀವೇ ಹೇಳ್ರಿ” ಅಂದೆ.

“ನೀ ಒತ್ತೋ ಮುಂದ ಕೈ ನಿಲ್ಲಿಸ್ತೀಯಲೇ. ಸಮ ಬಂತು ಅಂತ ಯಾರಾದ್ರೂ ನಿಲ್ತಾರೇನು? ಸಮ ದಾಟಿ ಹೋಗ್ಬೇಕು. ಕಾಲು ತನ್ನ ಪಾಡಿಗೆ ತಾನು ಬೀಳ್ತೈತಿ.”

ಸಮ ಅಂದರೆ ತಾಳದ ಮೊದಲ ಪೆಟ್ಟು, ನಾನು ಎಣಿಸುವ ಆ ‘ಒಂದು’. ಮಾತು ನಿಜ. ಒತ್ತುವ ಗಳಿಗೆಯಲ್ಲೂ ಸ್ಟ್ರಮಿಂಗ್ ನಿಲ್ಲಿಸದೆ ಮುಂದಿನ ಸುತ್ತಿಗೆ ಹೋಗಬೇಕು. ರೆಕಾರ್ಡ್ ಶುರು ಮಾಡುವ ಮೊದಲೂ ಒಂದು ಸುತ್ತು ಸುಮ್ನೆ ನುಡಿಸಿ ಓಟ ಹಿಡಿದಿರಬೇಕು. ಯಾವ ಮ್ಯಾನ್ಯುಯಲ್ಲೂ ನನಗೆ ಇಷ್ಟು ನೇರವಾಗಿ ಹೇಳಿರಲಿಲ್ಲ.

ಆಮೇಲೆ ಅವರು ಸ್ವಲ್ಪ ಹೊತ್ತು ಪೆಡಲನ್ನೇ ನೋಡುತ್ತಾ ಕೂತರು. ಜಾತ್ರೆಗಳಲ್ಲಿ ಕಂಪನಿ ಕ್ಯಾಂಪ್ ಹಾಕಿದಾಗ ಬೆಳಗಿನ ಜಾವದವರೆಗೂ ಹಾರ್ಮೋನಿಯಂ ತುಳಿಯುತ್ತಿದ್ದರಂತೆ. ಹೀರೋ ಪದ್ಯದ ನಡುವೆ ಸಾಲು ಮರೆತರೆ, ಅವನಿಗೆ ನೆನಪಾಗುವವರೆಗೂ ಅದೇ ಸ್ವರವನ್ನು ಸುತ್ತಿಸಿ ಸುತ್ತಿಸಿ ಬಾರಿಸೋದಂತೆ. ಲೂಪರ್ ಅಂದರೆ ಇನ್ನೇನು? ಈಗ ಮಂಡಿ ನೋವು. ಪೆಟ್ಟಿಗೆಯನ್ನು ಮಾರಿ ಯಾವ ಕಾಲವಾಯಿತೋ. ಕೊಂಡವರ ಹೆಸರು ಮಾತ್ರ ಇನ್ನೂ ಬಾಯಲ್ಲಿದೆ.

“ನೀ ಬಾರಿಸು, ನಾ ಒತ್ತತೀನಿ” ಅಂದರು. ಕುರ್ಚಿ ಮುಂದಕ್ಕೆಳೆದು, ಪಂಚೆ ಮಂಡಿಗೇರಿಸಿ, ಬರಿಗಾಲಿನ ಹೆಬ್ಬೆರಳನ್ನು ಪೆಡಲ್ ಮೇಲಿಟ್ಟರು. ನಾನು ನುಡಿಸಿದೆ. ಒತ್ತಿದರು. ನಾಲ್ಕು ಬಾರ್ ಆಯಿತು, ಮತ್ತೆ ಒತ್ತಿದರು. ಆಹಾ! ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಅಂತ ನನಗೇ ತಿಳಿಯಲಿಲ್ಲ. ಬಿಕ್ಕಳಿಕೆ ಇಲ್ಲ, ‘ತ್ಚ್’ ಇಲ್ಲ. ಎರಡೇ ಸೆಕೆಂಡ್. ಆಮೇಲೆ ಎಲ್ಲಾ ಸದ್ದು ಬಂದ್.

ನಮ್ಮ ಪೆಡಲ್‌ನಲ್ಲಿ ಕಾಲು ಒತ್ತಿ ಹಿಡಿದರೆ ರೆಕಾರ್ಡ್ ಆಗಿದ್ದು ಅಳಿಸಿಹೋಗುತ್ತದೆ. ದೊಡ್ಡಪ್ಪ ಇನ್ನೂ ಒತ್ತಿ ಹಿಡಿದೇ ಇದ್ದರು.

“ದೊಡ್ಡಪ್ಪ, ಒತ್ತಿದ ಕೂಡಲೇ ಕಾಲು ಎತ್ತಬೇಕ್ರಿ!”

“ಎತ್ತಿದ್ರೆ ಗಾಳಿ ನಿಂತ್ಹೋಗಲ್ವೇನಲೇ?”