ಮೊದಲ ಇಸಿಜಿ ಸರಿಯಿದ್ದರೆ ಸಾಲದು

ಎದೆನೋವೆಂದು ಆಸ್ಪತ್ರೆಗೆ ಬಂದವರಿಗೆ 10 ನಿಮಿಷದೊಳಗೆ ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ಆಗಬೇಕೆಂದು ಹೃದಯಾಘಾತದ ಕುರಿತ ಲೇಖನವೊಂದರಲ್ಲಿ ಹೇಳಿರುವುದು ಸರಿಯೇ. ಆದರೆ ಆ ಮೊದಲ ಇಸಿಜಿ ಸಹಜವಾಗಿ ಕಂಡ ಮಾತ್ರಕ್ಕೆ ಹೃದಯಾಘಾತವಿಲ್ಲ ಎನ್ನಲಾಗದು ಎಂಬುದನ್ನೂ ಒತ್ತಿ ಹೇಳಬೇಕಿತ್ತು. ಅದಕ್ಕೆ ರಕ್ತಪರೀಕ್ಷೆಯೂ ಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಎಂಬ ಪ್ರೋಟೀನ್‌ನ ಪ್ರಮಾಣ ಏರಲು ಹೊತ್ತು ಹಿಡಿಯುವುದರಿಂದ, ನೋವು ಶುರುವಾದ ಕೂಡಲೇ ಬಂದವರನ್ನು ಒಂದೇ ರಕ್ತಪರೀಕ್ಷೆ ನಂಬಿ ಮನೆಗೆ ಕಳುಹಿಸದೆ, 1ರಿಂದ 3 ಗಂಟೆಗಳ ಅಂತರದಲ್ಲಿ ಮತ್ತೊಮ್ಮೆ ರಕ್ತ ತೆಗೆದು ಏರಿಳಿತ ನೋಡುತ್ತಾರೆ. ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರಿಯ ಬೆವರು, ಏದುಸಿರು ಇರಬಹುದು. ನಮ್ಮ ಉಡುಪಿ ಕಡೆ ಅದನ್ನು ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗುವವರು ಕಡಿಮೆಯೇನಿಲ್ಲ. ಬೈಂದೂರಿನಿಂದ ಮಣಿಪಾಲದ ಆಸ್ಪತ್ರೆ ತಲುಪುವಷ್ಟರಲ್ಲೇ ಗಂಟೆ ಕಳೆಯುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್‌ನಲ್ಲೇ ವರದಿ ನೋಡುವ ವ್ಯವಸ್ಥೆ ಮಾಡಿದ್ದನ್ನು ಲೇಖಕರು ಹೆಸರಿಸಬಹುದಿತ್ತು.