ತಾತನಿಗೂ ಒಂದು ಸಂದರ್ಶನ

ನನ್ನ ಜನ್ಮದಿನ ಜೂನ್ 1. ನನ್ನೊಡನೆ ಊರಿನ ಶಾಲೆಗೆ ಸೇರಿದ ಹುಡುಗರಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದೂ ಅದೇ ದಿನ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ. ಉಳಿದದ್ದನ್ನು ಮೇಷ್ಟ್ರು ತುಂಬಿಕೊಳ್ಳುತ್ತಿದ್ದರು. ಖರ್ಚೆಂದರೆ ಸರಸ್ವತಿ ಪೂಜೆ ಮಾಡಿ ಹಂಚಿದ ಒಂದು ಸೇರು ಕಡ್ಲೆಪುರಿ.

ಮೊಮ್ಮಗಳಿಗೀಗ ಮೂರು ವರ್ಷ. ಬೆಂಗಳೂರಿನ ಪ್ರೀಸ್ಕೂಲಿಗೆ ಅವಳ ಕೈ ಕಿವಿ ಮುಟ್ಟಬೇಕಾಗಿಲ್ಲ, ಅವಳಪ್ಪನ ಕೈ ಜೇಬಿನ ತಳ ಮುಟ್ಟಿದರೆ ಸಾಕು. ಪಕ್ಕದ ಬೀದಿಯಲ್ಲೇ ಅಂಗನವಾಡಿ ಇದೆ, ಆಟ, ಹಾಡು, ಊಟ, ಮೊಟ್ಟೆ ಎಲ್ಲವೂ ಉಚಿತ ಎಂದೆ. ಮಗುವನ್ನು ಸಂತೆಯಲ್ಲಿ ಬಿಟ್ಟು ಬಾ ಎಂದವನನ್ನು ನೋಡುವಂತೆ ಮಗ ನೋಡಿದ.

ಮನೆಮಂದಿಯೆಲ್ಲ ಬರಬೇಕೆಂದು ಶಾಲೆಯಿಂದ ಕರೆ ಬಂತು. ಕೂರಲು ಕೊಟ್ಟದ್ದು ಮಕ್ಕಳ ಕುರ್ಚಿ. ಕುಳಿತೊಡನೆ ಮೊಣಕಾಲು ಕಿವಿಯ ಹತ್ತಿರ ಬಂತು. ಹಳೆಯ ಲೆಕ್ಕದಲ್ಲಿ ನಾನು ಅಲ್ಲಿಗೇ ಪಾಸು.

"ಇದು ಸಂದರ್ಶನವಲ್ಲ, ಇಂಟರ್ಯಾಕ್ಷನ್" ಎಂದರು ಮುಖ್ಯಸ್ಥೆ. ಹೆಸರು ಬದಲಿಸುವ ಶ್ರಮವನ್ನಾದರೂ ಅವರೇಕೆ ತೆಗೆದುಕೊಂಡರೋ ತಿಳಿಯದು. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆರಿಸಿಕೊಳ್ಳುವುದನ್ನು ನಿಷೇಧಿಸಿದೆ, ನಿಜ. ಮೊದಲ ಸಲ ಸಿಕ್ಕಿಬಿದ್ದರೆ 25 ಸಾವಿರ ರೂಪಾಯಿ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ ದಂಡ. ಆದರೆ ಆ ಹಕ್ಕು 6ರಿಂದ 14 ವರ್ಷದವರದು. ಮೂರು ವರ್ಷದವಳ ತಲೆಯ ಮೇಲಿಂದ ಕಾನೂನಿನ ದೃಷ್ಟಿ ಹಾಯ್ದು ಹೋಗುತ್ತದೆ. ಇನ್ನು ತಾತನ ಸುದ್ದಿ ಕಾಯ್ದೆಯಲ್ಲಿ ಹುಡುಕಿದರೂ ಸಿಗದು. ಹಾಗಾಗಿ ಪ್ರಶ್ನೆಗಳೆಲ್ಲ ನನ್ನ ಕಡೆಗೇ ಬಂದವು.

"ಹಗಲಿನಲ್ಲಿ ಮಗು ಯಾರ ಜೊತೆ ಇರುತ್ತದೆ?"

"ನನ್ನ ಜೊತೆ."

"ಯಾವ ಭಾಷೆ?"

"ಕನ್ನಡ."

ಕೆಮ್ಮು ಎಷ್ಟು ದಿನದಿಂದ ಎಂದು ವೈದ್ಯರು ಬರೆದುಕೊಳ್ಳುವಂತೆ ಅವರು ಬರೆದುಕೊಂಡರು. ಸೊಸೆ ಮೇಜಿನ ಕೆಳಗೆ ನನ್ನ ಕಾಲು ತುಳಿದು, "ಮಾವನವರಿಗೆ ಇಂಗ್ಲಿಷೂ ಬರುತ್ತದೆ ಮೇಡಂ" ಎಂದಳು. ಮೂವತ್ತು ವರ್ಷ ಕಚೇರಿಯಲ್ಲಿ ಟಿಪ್ಪಣಿ ಬರೆದವನಿಗೆ ಸಿಕ್ಕ ಪ್ರಮಾಣಪತ್ರ! ಅವರ ಹಿಂದಿನ ಗೋಡೆಯಲ್ಲಿ, ನಮ್ಮ ಶಾಲೆ ರಾಷ್ಟ್ರೀಯ ಶಿಕ್ಷಣ ನೀತಿ 2020ಕ್ಕೆ ಅನುಗುಣವಾಗಿದೆ ಎಂಬ ಫಲಕವಿತ್ತು. ಸಾಧ್ಯವಾದಲ್ಲೆಲ್ಲ ಮನೆಮಾತಿನಲ್ಲೇ ಕಲಿಸಿ ಎನ್ನುವ ನೀತಿ ಅದು. ಫಲಕ ಇಂಗ್ಲಿಷಿನಲ್ಲಿತ್ತು.

ಸೀಟು ಸಿಕ್ಕಿತು. ಮನೆಯಲ್ಲಿ ಪಾಯಸವಾಯಿತು.

ಮೊದಲ ದಿನ ಅವಳು ಅಳುತ್ತಾಳೆಂದು ನಾನು ಎರಡು ಕರವಸ್ತ್ರ ಇಟ್ಟುಕೊಂಡಿದ್ದೆ. ಅವಳು ತಿರುಗಿಯೂ ನೋಡದೆ ಒಳಗೆ ಓಡಿದಳು. ಕರವಸ್ತ್ರ ವ್ಯರ್ಥವಾಗಲಿಲ್ಲ, ಅಷ್ಟು ಹೇಳಿದರೆ ಸಾಕು. ಹತ್ತು ಗಂಟೆ ಅವಳು ನನ್ನ ಕನ್ನಡಕ ಕಿತ್ತು ತಾನು ಹಾಕಿಕೊಂಡು, ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಓದುವ ಹೊತ್ತು. ಅಂದು ಕನ್ನಡಕ ನನ್ನ ಮೂಗಿನ ಮೇಲೇ ಇತ್ತು, ಪತ್ರಿಕೆಯೂ ನೆಟ್ಟಗಿತ್ತು. ಒಂದು ಸುದ್ದಿಯೂ ತಲೆಗೆ ಹತ್ತಲಿಲ್ಲ.

ಹನ್ನೆರಡಕ್ಕೆ ಬಿಡುತ್ತಾರೆ, ಹನ್ನೊಂದೂವರೆಗೇ ಗೇಟಿನ ಮುಂದೆ ನಿಂತೆ. ಕಾರ್ಡ್ ಮರೆತಿದ್ದೆ. "ನಮ್ಮ ತಾತ!" ಎಂದು ಅವಳು ಕೂಗಿದಳು. "ಮಗುವಿನ ಮಾತು ನಡೆಯುವುದಿಲ್ಲ ಸರ್. ಆ್ಯಪ್‌ನಲ್ಲಿ ಒಟಿಪಿ ಬರುತ್ತದೆ, ಅದನ್ನು ಹೇಳಿ" ಎಂದ ಕಾವಲುಗಾರ. ಸುರಕ್ಷತೆ ಬೇಕು, ತಕರಾರಿಲ್ಲ. ಆದರೆ ಒಟಿಪಿ ಹೋಗುವುದು ಮಗನ ಮೊಬೈಲಿಗೆ, ಮಗ ಮೀಟಿಂಗಿನಲ್ಲಿ.

ಗೇಟಿನ ಆಚೆ ಅವಳು, ಈಚೆ ನಾನು. ಹೊತ್ತು ಕಳೆಯಲೆಂದು ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಹಿಡಿದು ತೋರಿಸಿದೆ. ಅವಳೂ ಎಳೆದು ಎಳೆದು ನೋಡಿದಳು, ಎಟುಕಲಿಲ್ಲ.

"ನೋಡಪ್ಪಾ, ಇವಳಿಗೆ ಇನ್ನೂ ಶಾಲೆಯ ವಯಸ್ಸೇ ಆಗಿಲ್ಲ. ಮನೆಗೆ ಕಳಿಸು" ಎಂದೆ.

"ಒಟಿಪಿ ಬಂತಾ ಸರ್?" ಎಂದ.