ಇನ್‌ಸ್ಪೆಕ್ಟ್‌ಡಿಬಿ ಪುರಾಣ

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರ ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್ ನನ್ನ ತಲೆಗೆ ಬಂದಿದೆ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಇನ್‌ಸ್ಪೆಕ್ಟ್‌ಡಿಬಿ ಅನ್ನೋ ಕಮಾಂಡ್ ಓಡಿಸಿದರೆ ಹಳೇ ಟೇಬಲ್‌ಗಳನ್ನು ನೋಡಿ ಮಾಡೆಲ್ ಕ್ಲಾಸ್‌ಗಳು (ಟೇಬಲ್‌ಗೊಂದರಂತೆ ಪೈಥಾನ್ ಕೋಡ್) ತಾನಾಗೇ ಬರುತ್ತವೆ, ಅಲ್ವಾ? ಬಂದವು. ಆದರೆ ರೈತರ ಟೇಬಲ್‌ಗೂ ತೂಕದ ಚೀಟಿ ಟೇಬಲ್‌ಗೂ ಸಂಬಂಧವೇ ಇಲ್ಲ! ಟೇಬಲ್‌ಗಳೆಲ್ಲ ಮೈಐಸ್ಯಾಮ್, ಅಂದರೆ ಮೈಎಸ್‌ಕ್ಯೂಎಲ್‌ನ ಹಳೇ ಸ್ಟೋರೇಜ್ ಇಂಜಿನ್. ಫಾರಿನ್ ಕೀ (ಒಂದು ಟೇಬಲನ್ನು ಇನ್ನೊಂದಕ್ಕೆ ಜೋಡಿಸೋ ಕೊಂಡಿ) ಬರೆದರೂ ಆ ಇಂಜಿನ್ ಓದಿ ಸುಮ್ನೆ ಬಿಟ್ಟುಬಿಡುತ್ತದೆ. ಇಲ್ಲದ್ದನ್ನು ಟೂಲ್ ಎಲ್ಲಿಂದ ತರಬೇಕು? 'ರೈತ_ಐಡಿ' ಬರೀ ಸಂಖ್ಯೆಯ ಇಂಟಿಜರ್‌ಫೀಲ್ಡ್ ಆಗಿ ಕೂತಿದೆ. ತೂಕ, ದರ, ಹಮಾಲಿ ಎಲ್ಲ ವಾರ್‌ಚಾರ್ (ಅಕ್ಷರದ ಕಾಲಂ), ಹಾಗಾಗಿ ಎಲ್ಲ ಚಾರ್‌ಫೀಲ್ಡ್. ಕ್ವಿಂಟಾಲನ್ನು ಅಕ್ಷರದಲ್ಲಿ ಇಟ್ಟ ಪುಣ್ಯಾತ್ಮ ಯಾರೋ! ಸಾಹುಕಾರರು ಬೇರೆ ಫೋನ್ ಮಾಡಿ, "ಒಂದು ಕಮಾಂಡ್ ಸಾಕು ಅಂದಿದ್ದಿರಲ್ಲಪ್ಪಾ" ಅಂತಾರೆ. ಮಾಲಿನ ದರ್ಜೆಗಿದ್ದ 'ಕ್ಲಾಸ್' ಕಾಲಂ 'ಕ್ಲಾಸ್_ಫೀಲ್ಡ್' ಆಗಿದೆ. ಪಾಪ, ಪೈಥಾನ್‌ನಲ್ಲಿ 'ಕ್ಲಾಸ್' ಮೀಸಲು ಪದ, ಆ ಹೆಸರು ನಡೆಯಲ್ಲ. ಪ್ರತಿ ಮಾಡೆಲ್ ಕೆಳಗೂ 'ಮ್ಯಾನೇಜ್ಡ್ = ಫಾಲ್ಸ್', ಅಂದರೆ ಟೇಬಲ್‌ನ ಉಸ್ತುವಾರಿ ಜ್ಯಾಂಗೋದ್ದಲ್ಲ. ಆ ಸಾಲು ತೆಗೆಯೋವರೆಗೂ ಮೈಗ್ರೇಷನ್ (ಮಾಡೆಲ್‌ನ ಬದಲಾವಣೆಯನ್ನು ಡೇಟಾಬೇಸ್‌ಗೆ ಒಯ್ಯೋ ಕೆಲಸ) ಆ ಟೇಬಲ್‌ಗಳನ್ನು ಮುಟ್ಟಲ್ಲ. ಫಾರಿನ್ ಕೀಗಳನ್ನು ಈಗ ಕೈಯಲ್ಲೇ ಬರೀತಾ ಕೂತಿದ್ದೇನೆ.